ಕಾಯಿಪಲ್ಯದ ಬೆಳೆಗಳ ನಂಜುರೋಗವೂ ಅದನ್ನು ಹರಡುವ ಕೀಟಗಳೂ

(ತೊಗರ್ಸಿ ಮತ್ತು ಶಿಕಾರಿಪುರ, ಸೊರಬ ಸೀಮೆಯ ಗ್ರಾಮಮುಖ್ಯರ ಹಾಗೂ ಜಮೀನುದಾರರ ಅವಗಾಹನೆಗಾಗಿ)

ಶಿಕಾರಿಪುರ, ಸೊರಬ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿವೆ. ಬತ್ತ, ಮುಸುಕಿನ ಜೋಳ, ಅಡಿಕೆ, ಶುಂಠಿ ಇವು ಇಲ್ಲಿಯ ಮುಖ್ಯವಾದ ಬೆಳೆಗಳು. ಇವುಗಳೊಂದಿಗೆ ತೊಗರ್ಸಿಯ ಸುತ್ತಣ ಗ್ರಾಮಗಳಲ್ಲಿ ನೀರಿನ ಅನುಕೂಲವುಳ್ಳವರು ಕೆರೆಯ ಅಚ್ಚುಕಟ್ಟಿನಲ್ಲಿಯೂ ಬಾವಿಯ ಮಗ್ಗುಲಲ್ಲಿಯೂ ಬೆಂಡೆ, ಟೊಮ್ಯಾಟೊ, ಮೆಣಸಿನಕಾಯಿ, ಸೌತೆ ಮೊದಲಾದ ಕಾಯಿಪಲ್ಯಗಳನ್ನು ಬೆಳೆದು ಶಿರಾಳಕೊಪ್ಪ, ಶಿಕಾರಿಪುರಗಳ ಪೇಟೆಗೆ ಒಯ್ಯುವುದುಂಟು. ಈ ಬೆಳೆಗಳ ವಿಸ್ತೀರ್ಣವು ಸ್ವಲ್ಪವೇ ಆದರೂ, ಬತ್ತದಂತೆ ವರ್ಷಕ್ಕೊಮ್ಮೆ ಅಲ್ಲದೆ ವಾರವಾರವೂ ಕೈಗೆ ಹಣವನ್ನು ತರುವುದರಿಂದ, ಸಣ್ಣ ಹಿಡುವಳಿದಾರರಿಗೆ ಇವು ದೊಡ್ಡ ಆಧಾರವಾಗಿರುತ್ತವೆ. ಹೀಗಿರುವ ಬೆಳೆಯು ಹೂವು ಬಿಡುವ ಮುನ್ನವೇ ಹಳದಿಯಾಗಿಯೋ ಮುದುರಿಕೊಂಡೋ ನಿಷ್ಪ್ರಯೋಜಕವಾದರೆ, ಬೀಜ, ಗೊಬ್ಬರ, ಕೂಲಿಗಳಿಗೆ ಮಾಡಿದ ಸಾಲವು ಮಾತ್ರ ಉಳಿಯುವುದು.

ಈ ರೋಗವು ಬಂದಾಗ ಕೆಲವರು ಬೀಜವೇ ಕೆಟ್ಟದ್ದೆಂದು ಬೀಜ ಮಾರಿದವನನ್ನು ದೂರುವರು. ಕೆಲವರು ಗೊಬ್ಬರ ಸಾಲದೆಂದು ಯೂರಿಯಾ ಹಾಕುವರು. ಅಡಿಕೆ ತೋಟವುಳ್ಳವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದನ್ನೇ ಇದಕ್ಕೂ ಹೊಡೆದು ನೋಡುವರು. ಇವುಗಳಲ್ಲಿ ಯಾವುದರಿಂದಲೂ ಗುಣವಾಗದಿರುವುದಕ್ಕೆ ಕಾರಣವಿದೆ. ಈ ರೋಗವನ್ನು ಒಂದು ಗಿಡದಿಂದ ಮತ್ತೊಂದಕ್ಕೆ ಕೊಂಡೊಯ್ಯುವುದು ಕೀಟ. ಆ ಕೀಟಕ್ಕೆ ಒಬ್ಬರ ಬೇಲಿಯೂ ಇನ್ನೊಬ್ಬರ ಬದುವೂ ಅಡ್ಡವಲ್ಲ. ಆದಕಾರಣ ಇದರ ನಿವಾರಣೆಯು ಒಬ್ಬ ರೈತನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಇಡೀ ಊರಿನ ಕೈಯಲ್ಲಿರುವುದು. ಈ ಲೇಖನವನ್ನು ವಿಶೇಷವಾಗಿ ಗ್ರಾಮದ ಹಿರಿಯರನ್ನು ಉದ್ದೇಶಿಸಿ ಬರೆದಿರುವುದು ಅದಕ್ಕಾಗಿಯೇ.

ನಂಜು ಎಂದರೇನು

ಸಸ್ಯಗಳಿಗೆ ಬರುವ ರೋಗಗಳಲ್ಲಿ ಬೂಷ್ಟಿನಿಂದ ಬರುವವು ಕೆಲವು, ಬ್ಯಾಕ್ಟೀರಿಯಾಗಳಿಂದ ಬರುವವು ಕೆಲವು. ಅಡಿಕೆಯ ಕೊಳೆರೋಗವು ಮೊದಲನೆಯ ವರ್ಗಕ್ಕೆ ಹೋಲುವಂಥದು. ರೋಗಕಾರಕವು ಕಾಯಿಯ ಮೇಲೆ ಬಂದು ಕೂತು ಮೊಳೆಯುವುದರಿಂದ, ಮೊದಲೇ ಮೇಲೆ ಮದ್ದು ಲೇಪಿಸಿದ್ದರೆ ಅದು ನಾಶವಾಗುವುದು. ೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್‌ಮನ್ ಅವರು ಮಲೆನಾಡಿನ ತೋಟಗಳಲ್ಲಿ ಬೋರ್ಡೋ ಮದ್ದನ್ನು ರೂಢಿಗೆ ತಂದು ಯಶಸ್ವಿಯಾದದ್ದು ಈ ತತ್ವದ ಮೇಲೆಯೇ.

ಮೂರನೆಯ ವರ್ಗವೇ ನಂಜುರೋಗ. ಇದಕ್ಕೆ ಕಾರಣವಾದ ವೈರಸ್ ಎಂಬ ನಂಜು ಅತ್ಯಂತ ಸೂಕ್ಷ್ಮವಾದದ್ದು. ೧೮೯೨ರಲ್ಲಿ ರಷ್ಯಾ ದೇಶದ ಇವಾನೋವ್‌ಸ್ಕಿ ಎಂಬ ವಿದ್ವಾಂಸರು ರೋಗ ತಗುಲಿದ ಹೊಗೆಸೊಪ್ಪಿನ ರಸವನ್ನು, ಬ್ಯಾಕ್ಟೀರಿಯಾಗಳು ಕೂಡ ದಾಟಲಾರದ ಶೋಧಕದ ಮೂಲಕ ಸೋಸಿದರು. ಸೋಸಿದ ರಸವೂ ಆರೋಗ್ಯವಾದ ಗಿಡಕ್ಕೆ ರೋಗವನ್ನು ತಗುಲಿಸಿತು. ೧೮೯೮ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬವರು ಇದನ್ನು ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಸೋಂಕೆಂದು ತಿಳಿದು ವೈರಸ್ ಎಂದು ಕರೆದರು. ಬೆಂಡೆಯ ಹಾಗೂ ಟೊಮ್ಯಾಟೊವಿನ ನಂಜಿನ ಒಂದೊಂದು ಕಣವೂ ಒಂದು ಮಿಲಿಮೀಟರನ್ನು ಸುಮಾರು ಐವತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅಗಲವಿರುವುದು.

ನಂಜು ತಾನಾಗಿ ನಡೆಯಲಾರದು, ಹಾರಲಾರದು, ಎಲೆಯ ಹೊರಪೊರೆಯನ್ನು ಭೇದಿಸಲಾರದು. ಆದರೆ ಒಮ್ಮೆ ಗಿಡದ ಜೀವಕಣದ ಒಳಗೆ ಸೇರಿತೆಂದರೆ, ಆ ಕಣದಿಂದಲೇ ತನ್ನಂಥ ಲೆಕ್ಕವಿಲ್ಲದಷ್ಟು ನಂಜುಕಣಗಳನ್ನು ಮಾಡಿಸಿಕೊಂಡು, ರಸನಾಳಗಳ ಮೂಲಕ ಗಿಡವನ್ನೆಲ್ಲಾ ವ್ಯಾಪಿಸುವುದು. ಅಲ್ಲಿಂದ ಮುಂದೆ ಗಿಡವನ್ನು ಕೊಲ್ಲದೆ ನಂಜನ್ನು ಮಾತ್ರ ಕೊಲ್ಲುವಂಥ ಮದ್ದು ರೈತನ ಹೊಲದಲ್ಲಿ ಬಳಸಲು ಯಾವುದೂ ಇಲ್ಲ. ಆದುದರಿಂದ ಗುಣಪಡಿಸುವ ಮಾತನ್ನು ಬಿಟ್ಟು, ನಂಜು ಗಿಡದೊಳಕ್ಕೆ ಸೇರದಂತೆ ತಡೆಯುವ ಮಾರ್ಗವನ್ನೇ ನಾವು ಹಿಡಿಯಬೇಕು. ಒಳಕ್ಕೆ ಸೇರಿಸುವವರು ಯಾರೆಂಬುದನ್ನು ಮೊದಲು ತಿಳಿಯತಕ್ಕದ್ದು.

ನಂಜನ್ನು ಹೊರುವ ಕೀಟಗಳು

ಎಲೆಯನ್ನು ಕಡಿದು ತಿನ್ನುವ ಹುಳುಗಳಿಗಿಂತ, ಸೂಜಿಯಂಥ ಬಾಯನ್ನು ಚುಚ್ಚಿ ರಸ ಹೀರುವ ಸಣ್ಣ ಕೀಟಗಳೇ ಈ ಕೆಲಸದಲ್ಲಿ ಮುಖ್ಯವಾದವು. ಇವುಗಳಲ್ಲಿ ಮೂರನ್ನು ರೈತರು ಗುರುತಿಸಬೇಕು.

ಮೊದಲನೆಯದು ಬಿಳಿನೊಣ. ಇದು ಸುಮಾರು ಒಂದು ಮಿಲಿಮೀಟರ್ ಉದ್ದವಿದ್ದು, ಇದರ ರೆಕ್ಕೆಗಳ ಮೇಲೆ ಬಿಳಿಯ ಮೇಣದ ಹುಡಿ ಇರುವುದು. ಗಿಡವನ್ನು ಅಲುಗಿಸಿದರೆ ಎಲೆಯ ಅಡಿಯಿಂದ ಬೂದಿ ತೂರಿದಂತೆ ಎದ್ದು ಮತ್ತೆ ಕೂರುವುದು. ಮೊಟ್ಟೆಯನ್ನು ಎಲೆಯ ಅಡಿಯಲ್ಲಿಯೇ ಇಡುವುದು. ಬೆಚ್ಚನೆಯ ಕಾಲದಲ್ಲಿ ಮೂರು ವಾರಗಳ ಸುಮಾರಿಗೆ ಮೊಟ್ಟೆಯು ಬೆಳೆದ ನೊಣವಾಗುವುದು. ಇದು ರೋಗದ ಗಿಡದ ಮೇಲೆ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ರಸ ಹೀರಿದರೆ ನಂಜು ಇದರ ಹೊಟ್ಟೆಯನ್ನು ಸೇರುವುದು. ಅಲ್ಲಿಂದ ಕರುಳಿನ ಗೋಡೆಯನ್ನು ದಾಟಿ, ಮೈಯೊಳಗಣ ದ್ರವದಲ್ಲಿ ಸುತ್ತಿ, ಕೆಲವು ಗಂಟೆಗಳ ಬಳಿಕ ಜೊಲ್ಲಿನ ಗ್ರಂಥಿಗೆ ಬರುವುದು. ಆಮೇಲೆ ಆ ನೊಣವು ಎಲ್ಲಿ ಚುಚ್ಚಿದರೆ ಅಲ್ಲಿ ಜೊಲ್ಲಿನೊಂದಿಗೆ ನಂಜನ್ನು ಇಳಿಸುವುದು. ಒಮ್ಮೆ ನಂಜು ಹೊತ್ತ ನೊಣವು ಅನೇಕ ದಿನಗಳವರೆಗೆ ರೋಗವನ್ನು ಹರಡುತ್ತಲೇ ಇರುವುದು. ಬೆಂಡೆಯ ಹಳದಿ ನಂಜುರೋಗ, ಟೊಮ್ಯಾಟೊವಿನ ಎಲೆಮುದುರು ರೋಗ, ಮೆಣಸಿನ ಗಿಡದ ಮುದುರು ನಂಜು ಇವು ಮೂರೂ ಇದರಿಂದಲೇ ಹರಡುತ್ತವೆ.

ಎರಡನೆಯದು ಗಿಡಹೇನು. ಇದು ಸೌತೆ, ಕುಂಬಳ, ಮೆಣಸಿನ ಗಿಡಗಳಲ್ಲಿ ಎಲೆಯ ಮೇಲೆ ತಿಳಿಹಸುರು ಮತ್ತು ಕಡುಹಸುರು ಮಚ್ಚೆಗಳನ್ನು ಉಂಟುಮಾಡುವ ನಂಜುಗಳನ್ನು ಹರಡುವುದು. ಇದರ ರೀತಿಯು ಬಿಳಿನೊಣದ ರೀತಿಗಿಂತ ಬೇರೆ. ಈ ನಂಜುಗಳು ಹೇನಿನ ಹೊಟ್ಟೆಯೊಳಕ್ಕೆ ಹೋಗಿ ಸುತ್ತಿಬರುವುದಿಲ್ಲ, ಚುಚ್ಚುವ ಬಾಯಿಗೇ ಅಂಟಿಕೊಂಡಿರುವುವು. ಕೆಲವು ಸೆಕೆಂಡುಗಳ ಕಾಲ ರುಚಿ ನೋಡಿದರೂ ಸಾಕು, ನಂಜು ಹತ್ತುವುದು. ಮುಂದಿನ ಗಿಡವನ್ನು ಚುಚ್ಚಿದ ಕೂಡಲೇ ಅಲ್ಲಿಗೆ ಇಳಿಯುವುದು. ಹಾಗೆಯೇ ಸ್ವಲ್ಪ ಹೊತ್ತಿನಲ್ಲಿ ಹೇನು ನಂಜಿನಿಂದ ಮುಕ್ತವಾಗುವುದೂ ಉಂಟು. ಮಲೆನಾಡಿನ ಏಲಕ್ಕಿಯ ಕಟ್ಟೆರೋಗವೂ ನಂಜುರೋಗವೇ. ಅದನ್ನು ಹರಡುವುದೂ ಒಂದು ಬಗೆಯ ಹೇನೇ. ಸೊರಬ, ಸಾಗರಗಳ ತೋಟಗಳಲ್ಲಿ ಏಲಕ್ಕಿ ಬೆಳೆದ ಹಿರಿಯರಿಗೆ, ಕಟ್ಟೆ ಬಿದ್ದ ಹಿಂಡನ್ನು ಬುಡಸಮೇತ ತೆಗೆಯದಿದ್ದರೆ ಅಕ್ಕಪಕ್ಕದ ಹಿಂಡುಗಳೂ ಉಳಿಯುವುದಿಲ್ಲವೆಂಬುದು ಚೆನ್ನಾಗಿ ತಿಳಿದ ವಿಷಯ. ಕಾಯಿಪಲ್ಯಕ್ಕೂ ಅದೇ ನ್ಯಾಯ.

ಮೂರನೆಯದು ಥ್ರಿಪ್ಸ್ ಎಂಬ ನುಸಿ. ಟೊಮ್ಯಾಟೊ ಮತ್ತು ಕಲ್ಲಂಗಡಿಗಳಲ್ಲಿ ಚಿಗುರು ಒಣಗಿ ಸಾಯುವ ನಂಜುರೋಗಗಳನ್ನು ಇದು ಹರಡುವುದು. ಇದು ಮರಿಯಾಗಿದ್ದಾಗ ರೋಗದ ಗಿಡವನ್ನು ಹೀರಿದರೆ ಮಾತ್ರ ನಂಜು ಇದರಲ್ಲಿ ನೆಲೆಸುವುದು. ಬೆಳೆದು ರೆಕ್ಕೆ ಬಂದ ಮೇಲೆ ಹಾರಿಹೋಗಿ ಅದನ್ನು ಬೇರೆ ಗಿಡಗಳಿಗೆ ತಗುಲಿಸುವುದು.

ರೋಗವನ್ನು ಗುರುತಿಸುವ ಬಗೆ

ಬೆಂಡೆಯ ಹಳದಿ ನಂಜನ್ನು ೧೯೨೪ರಲ್ಲಿಯೇ ಆಗಿನ ಮುಂಬಯಿ ಪ್ರಾಂತದಲ್ಲಿ ಗುರುತಿಸಲಾಗಿತ್ತು. ೧೯೪೦ರಲ್ಲಿ ಉಪ್ಪಲ್, ವರ್ಮ, ಕಪೂರ್ ಎಂಬ ಮೂವರು ಸಸ್ಯರೋಗತಜ್ಞರು ಇದು ನಂಜಿನಿಂದ ಬರುವುದೆಂದು ತೋರಿಸಿದರು. ಈ ರೋಗದಲ್ಲಿ ಮೊದಲು ಎಲೆಯ ನರಗಳು ಹಳದಿಯಾಗಿ, ಎಲೆಯು ಹಳದಿ ಬಲೆ ಹೊದಿಸಿದಂತೆ ತೋರುವುದು. ನರಗಳ ನಡುವೆ ಹಸುರು ಉಳಿದಿರುವುದು. ಕ್ರಮೇಣ ಎಲೆಯೆಲ್ಲಾ ಹಳದಿಯಾಗಿ, ಕಾಯಿಗಳು ಬಿಳುಪಾಗಿ, ಗಿಡ್ಡಾಗಿ, ನಾರಾಗುವುವು. ಇಂಥ ಕಾಯಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಕಬ್ಬಿಣದಂಶದ ಕೊರತೆಯಿಂದಲೂ ಎಲೆಯು ಹಳದಿಯಾಗುವುದುಂಟು. ಆದರೆ ಆಗ ನರಗಳು ಹಸುರಾಗಿದ್ದು ನಡುವಣ ಭಾಗವು ಹಳದಿಯಾಗುವುದು. ನರ ಹಳದಿಯಾಗಿದ್ದರೆ ನಂಜು, ನರ ಹಸುರಾಗಿದ್ದರೆ ಪೋಷಣೆಯ ಕೊರತೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ನಂಜಿಗೆ ಯೂರಿಯಾ ಹಾಕಿದರೆ ಗುಣವಾಗುವುದಂತೂ ಇಲ್ಲ, ಮೆದುವಾದ ಚಿಗುರು ಹೆಚ್ಚಿ ರಸ ಹೀರುವ ಕೀಟಗಳಿಗೇ ಔತಣವಾಗುವುದು.

ಟೊಮ್ಯಾಟೊವಿನಲ್ಲಿ ಎಲೆಗಳು ಚಿಕ್ಕದಾಗಿ, ಮುದುರಿ, ಗೆಣ್ಣುಗಳ ನಡುವಣ ಅಂತರ ಕಡಿಮೆಯಾಗಿ, ಗಿಡವು ಪೊದೆಯಂತೆ ಗಿಡ್ಡಾಗುವುದು. ಹೂವು ಬಿಟ್ಟರೂ ಕಾಯಿ ಕಚ್ಚುವುದು ವಿರಳ. ಮೆಣಸಿನ ಗಿಡದ ಮುದುರುವಿಕೆಯನ್ನು ಮಾತ್ರ ಎಚ್ಚರಿಕೆಯಿಂದ ಪರೀಕ್ಷಿಸಬೇಕು. ಥ್ರಿಪ್ಸ್ ನುಸಿಯು ಹೀರಿದರೆ ಎಲೆಯ ಅಂಚುಗಳು ಮೇಲ್ಮುಖವಾಗಿಯೂ, ಮೈಟ್ ನುಸಿಯು ಹೀರಿದರೆ ಕೆಳಮುಖವಾಗಿಯೂ ಮಡಿಚಿಕೊಳ್ಳುವುವು. ಇವು ನುಸಿಯ ನೇರವಾದ ಹಾನಿ. ನುಸಿಯು ಹೋದರೆ ಹೊಸ ಚಿಗುರು ನೆಟ್ಟಗೆ ಬರುವುದು. ನುಸಿಯು ಹೋದ ಮೇಲೂ ಹೊಸ ಚಿಗುರು ಮುದುರಿಯೇ ಬಂದರೆ ಅದು ನಂಜೆಂದು ಭಾವಿಸತಕ್ಕದ್ದು.

ರೋಗವು ಎಷ್ಟು ಬೇಗ ತಗುಲಿತೆಂಬುದರ ಮೇಲೆ ನಷ್ಟದ ಪ್ರಮಾಣವು ನಿಂತಿದೆ. ಎಳೆಯ ಪ್ರಾಯದಲ್ಲಿಯೇ, ಅಂದರೆ ಟೊಮ್ಯಾಟೊ ನಾಟಿಯಾದ ಮೂರು ನಾಲ್ಕು ವಾರಗಳ ಒಳಗೆ, ನಂಜು ಸೇರಿದರೆ ಆ ಗಿಡದ ಫಸಲಿನ ಬಹುಪಾಲು ಹೋಯಿತೆಂದೇ ತಿಳಿಯಬೇಕು. ಕಾಯಿ ಹಿಡಿದ ಬಳಿಕ ಸೇರಿದರೆ ನಷ್ಟವು ಸ್ವಲ್ಪವೇ. ಆದಕಾರಣ ಮೊದಲ ಒಂದೂವರೆ ತಿಂಗಳು ಗಿಡವನ್ನು ಕಾಪಾಡಿದರೆ ಬೆಳೆಯ ಮುಖ್ಯಭಾಗವನ್ನು ಕಾಪಾಡಿದಂತೆಯೇ.

ನಂಜು ಎಲ್ಲಿಂದ ಬರುವುದು

ಬೆಂಡೆಯ ಹಳದಿ ನಂಜು ಬೀಜದ ಮೂಲಕ ಬರುವುದಿಲ್ಲ. ಟೊಮ್ಯಾಟೊವಿನ ಎಲೆಮುದುರು ನಂಜು ಹರಡುವುದಕ್ಕೂ ಬಿಳಿನೊಣವೇ ಮಾರ್ಗ. ಹಾಗಾದರೆ ಹೊಸ ಹೊಲಕ್ಕೆ ಇದು ಎಲ್ಲಿಂದ ಬಂತೆಂದು ಕೇಳಿದರೆ, ಪಕ್ಕದಲ್ಲಿ ಕೊಯ್ಲು ಮುಗಿದು ಕೀಳದೆ ಬಿಟ್ಟ ಹಳೆಯ ಹೊಲದಿಂದ, ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಿಡದಿಂದ, ಬದುವಿನ ಮೇಲಿನ ಕಳೆಯಿಂದ ಎಂದು ಉತ್ತರ ಹೇಳಬೇಕಾಗುವುದು. ಕಾಂಗ್ರೆಸ್ ಕಳೆ ಎಂದು ಎಲ್ಲರೂ ಕರೆಯುವ ಪಾರ್ಥೇನಿಯಂ ಮೊದಲಾದ ಕೆಲವು ಕಳೆಗಳು ಟೊಮ್ಯಾಟೊ ನಂಜಿಗೆ ಆಶ್ರಯ ಕೊಡುವುವೆಂಬುದು ಕರ್ನಾಟಕದಲ್ಲಿ ನಡೆದ ಸಂಶೋಧನೆಗಳಿಂದ ತಿಳಿದುಬಂದಿದೆ. ಬದನೆ, ಹತ್ತಿ ಮೊದಲಾದ ಬೆಳೆಗಳ ಮೇಲೂ ಬಿಳಿನೊಣವು ಹೇರಳವಾಗಿ ಹೆಚ್ಚಿಕೊಳ್ಳುವುದು.

ಮಳೆಗಾಲದ ಜಡಿಮಳೆಯಲ್ಲಿ ಬಿಳಿನೊಣದ ಸಂಖ್ಯೆಯು ಇಳಿಯುವುದು. ಮಳೆ ನಿಂತು ಒಣಹವೆ ಬಂದಂತೆ ಏರುತ್ತಾ, ಫೆಬ್ರವರಿಯಿಂದ ಮೇ ತಿಂಗಳವರೆಗೆ ಅತಿಯಾಗುವುದು. ಬತ್ತದ ಕೊಯ್ಲಾದ ಮೇಲೆ ಹಾಕುವ ಬೇಸಿಗೆಯ ಬೆಂಡೆ, ಟೊಮ್ಯಾಟೊಗಳಿಗೇ ರೋಗವು ಹೆಚ್ಚಾಗಿ ಬೀಳುವುದು ಇದರಿಂದಲೇ.

ಈ ಕೀಟವನ್ನು ಅಲಕ್ಷಿಸಿದರೆ ಆಗುವ ಅನರ್ಥಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಟೊಮ್ಯಾಟೊ ಬೇಸಾಯಕ್ಕೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ ೧೯೯೯ರಲ್ಲಿ ಬಿಳಿನೊಣವು ಎಂದೂ ಕಾಣದಷ್ಟು ಸಂಖ್ಯೆಯಲ್ಲಿ ಎದ್ದಿತು. ಪರೀಕ್ಷಿಸಲಾಗಿ, ಅದು ಹೊರದೇಶಗಳಲ್ಲಿ ಮೊದಲೇ ಹಾವಳಿ ಮಾಡಿದ್ದ ಬೇರೊಂದು ಬಗೆಯ ಬಿಳಿನೊಣವೆಂದು ಗೊತ್ತಾಯಿತು. ಭಾರತದಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು. ಅದರ ಬೆನ್ನಿಗೇ ಎಲೆಮುದುರು ರೋಗವೂ ಉಗ್ರವಾಗಿ ಹರಡಿ ಬೆಳೆಗಾರರಿಗೆ ಬಹಳ ನಷ್ಟವಾಯಿತು.

ಕೀಟನಾಶಕದ ಮಿತಿ

ಕೀಟವನ್ನು ಕೊಂದರೆ ರೋಗವೂ ನಿಲ್ಲುವುದಲ್ಲವೇ ಎಂದು ಕೇಳಬಹುದು. ಭಾಗಶಃ ನಿಜ. ಬಿಳಿನೊಣವು ನಂಜನ್ನು ಪಡೆದು ಕೊಡುವುದಕ್ಕೆ ಸ್ವಲ್ಪ ಕಾಲ ಹಿಡಿಯುವುದರಿಂದ ಮದ್ದಿನಿಂದ ಕೊಂಚ ಉಪಯೋಗವುಂಟು. ಆದರೆ ಹೊರಗಿನಿಂದ ದಿನವೂ ಹೊಸ ನೊಣಗಳು ಬರುತ್ತಿದ್ದರೆ, ಅವು ಸಾಯುವ ಮೊದಲೇ ನಂಜನ್ನು ಇಳಿಸಿರುತ್ತವೆ. ಗಿಡಹೇನಿನ ವಿಷಯದಲ್ಲಿಯಂತೂ ಕೆಲವು ಸೆಕೆಂಡುಗಳಲ್ಲಿಯೇ ಕೆಲಸ ಮುಗಿದಿರುವುದರಿಂದ ಮದ್ದು ಅಷ್ಟಾಗಿ ಫಲಿಸದು; ಮದ್ದಿನ ಕಾಟಕ್ಕೆ ಹೇನುಗಳು ಗಿಡದಿಂದ ಗಿಡಕ್ಕೆ ಓಡಾಡಿ ರೋಗವು ಇನ್ನೂ ಹೆಚ್ಚುವುದುಂಟು.

ಇದಲ್ಲದೆ, ಒಂದೇ ಮದ್ದನ್ನು ಮತ್ತೆ ಮತ್ತೆ ಹೊಡೆದರೆ ಬಿಳಿನೊಣವು ಅದಕ್ಕೆ ಒಗ್ಗಿಕೊಳ್ಳುವುದು. ನೊಣವನ್ನು ತಿನ್ನುವ ಉಪಕಾರಿ ಕೀಟಗಳು ಮಾತ್ರ ಸಾಯುವುವು. ೧೯೮೦ರ ದಶಕದ ಮಧ್ಯದಲ್ಲಿ ಆಂಧ್ರಪ್ರದೇಶದ ಹತ್ತಿ ಸೀಮೆಯಲ್ಲಿ ಬಿಳಿನೊಣದ ಭಾರಿ ಹಾವಳಿಯುಂಟಾಗಿ, ಕೀಟನಾಶಕಗಳ ಅತಿಬಳಕೆಯೂ ಅದಕ್ಕೆ ಒಂದು ಕಾರಣವೆಂದು ತಜ್ಞರು ಕಂಡುಕೊಂಡರು. ಆದಕಾರಣ ಶೇಕಡ ೫ರ ಬೇವಿನ ಬೀಜದ ಕಷಾಯ ಮತ್ತು ಹಳದಿ ಅಂಟುಬಲೆಗಳನ್ನು ಮೊದಲು ಉಪಯೋಗಿಸಿ, ಅವಶ್ಯಬಿದ್ದಾಗ ಮಾತ್ರ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅವರು ಹೇಳಿದ ಮದ್ದನ್ನು ಹೇಳಿದ ಪ್ರಮಾಣದಲ್ಲಿ ಎಲೆಯ ಅಡಿಭಾಗಕ್ಕೆ ತಗುಲುವಂತೆ ಸಿಂಪಡಿಸತಕ್ಕದ್ದು. ಸಿಂಪಡಿಸಿದ ಮೇಲೆ ನಿಗದಿಯಾದ ದಿನಗಳು ಕಳೆಯುವವರೆಗೆ ಕಾಯಿಯನ್ನು ಕೀಳಬಾರದು.

ರೈತನು ತನ್ನ ಹೊಲದಲ್ಲಿ ಮಾಡಬೇಕಾದ್ದು

ಮೊದಲನೆಯದಾಗಿ, ಟೊಮ್ಯಾಟೊ ಮತ್ತು ಮೆಣಸಿನ ಸಸಿಗಳನ್ನು ನೈಲಾನ್ ಬಲೆಯ ಒಳಗೆ ಬೆಳೆಸಬೇಕು. ಬಲೆಯು ಅಂಗುಲಕ್ಕೆ ೪೦ರಿಂದ ೫೦ ಕಣ್ಣುಗಳುಳ್ಳದ್ದಾಗಿರಬೇಕು. ಸೊಳ್ಳೆಪರದೆಯ ಬಟ್ಟೆಯಲ್ಲಿ ಬಿಳಿನೊಣವು ನುಸುಳಿಬಿಡುವುದು. ಮಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಗ್ಗಿಸಿ ನೆಟ್ಟು, ಬಲೆ ಹೊದಿಸಿ, ಅದರ ಅಂಚನ್ನು ಸುತ್ತಲೂ ಮಣ್ಣಿನಲ್ಲಿ ಮುಚ್ಚಬೇಕು. ಒಂದು ಎಕರೆಗೆ ಬೇಕಾದ ಸಸಿಗಳು ಕೆಲವೇ ಮಡಿಗಳಲ್ಲಿ ಆಗುವುದರಿಂದ ಖರ್ಚು ಹೆಚ್ಚಲ್ಲ. ಜೋಪಾನಮಾಡಿದ ಬಲೆಯು ಮತ್ತೊಂದು ಬೆಳೆಗೂ ಬರುವುದು. ಸಸಿಮಡಿಯನ್ನು ಹಳೆಯ ಬೆಳೆಯ ಪಕ್ಕದಲ್ಲಿ ಎಂದಿಗೂ ಮಾಡಬಾರದು.

ಎರಡನೆಯದಾಗಿ, ಹೊಲದ ಸುತ್ತಲೂ ಎರಡು ಮೂರು ಸಾಲು ಮುಸುಕಿನ ಜೋಳವನ್ನು ಮುಖ್ಯ ಬೆಳೆಗಿಂತ ಮೂರು ನಾಲ್ಕು ವಾರ ಮುಂಚಿತವಾಗಿ ಬಿತ್ತಬೇಕು. ಹೊರಗಿನಿಂದ ಬರುವ ಹೇನು ಮೊದಲು ಜೋಳವನ್ನು ಚುಚ್ಚಿ, ಬಾಯಿಗಂಟಿದ ನಂಜನ್ನು ಅಲ್ಲಿಯೇ ಕಳೆದುಕೊಳ್ಳುವುದು. ಬಿಳಿನೊಣಕ್ಕೂ ಎತ್ತರದ ಸಾಲು ಸ್ವಲ್ಪಮಟ್ಟಿಗೆ ಅಡ್ಡವಾಗುವುದು.

ಮೂರನೆಯದಾಗಿ, ರೋಗ ತಡೆಯುವ ತಳಿಗಳನ್ನು ಆರಿಸಬೇಕು. ಬೆಂಡೆಯನ್ನು ನೇರವಾಗಿ ಬಿತ್ತುವುದರಿಂದ ಅದಕ್ಕೆ ಬಲೆಯ ರಕ್ಷಣೆಯಿಲ್ಲ. ತಳಿಯ ಆಯ್ಕೆಯೇ ಅದಕ್ಕೆ ಮುಖ್ಯ. ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಳದಿ ನಂಜನ್ನು ತಡೆಯುವುದಕ್ಕಾಗಿ ಅರ್ಕಾ ಅನಾಮಿಕ, ಅರ್ಕಾ ಅಭಯ್ ಎಂಬ ಬೆಂಡೆಯ ತಳಿಗಳನ್ನೂ, ಎಲೆಮುದುರು ಸಹಿತ ಮೂರು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್ ಎಂಬ ಟೊಮ್ಯಾಟೊವನ್ನೂ ಹೊರತಂದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಎಲೆಮುದುರು ರೋಗಕ್ಕಾಗಿ ನಂದಿ, ಸಂಕ್ರಾಂತಿ, ವೈಭವ ಎಂಬ ಟೊಮ್ಯಾಟೊ ತಳಿಗಳನ್ನು ರೂಪಿಸಿತು. ಆದರೆ ತಳಿಯೊಂದನ್ನೇ ನಂಬಿರಬಾರದು. ಹಿಂದೆ ಹಳದಿ ನಂಜನ್ನು ತಡೆಯುವುದೆಂದು ಹೆಸರಾಗಿದ್ದ ಪೂಸಾ ಸಾವನಿ ಎಂಬ ಬೆಂಡೆಯು ಕಾಲಕ್ರಮದಲ್ಲಿ ಆ ಗುಣವನ್ನು ಕಳೆದುಕೊಂಡಿತು. ತಮ್ಮ ಸೀಮೆಯಲ್ಲಿ ಈ ವರ್ಷ ಯಾವ ತಳಿಯು ನಿಲ್ಲುವುದೆಂಬುದನ್ನು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿಯೋ ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೋ ಕೇಳಿ ತಿಳಿಯುವುದು ಒಳ್ಳೆಯದು.

ನಾಲ್ಕನೆಯದಾಗಿ, ಮೊದಲ ಒಂದೂವರೆ ತಿಂಗಳು ಎರಡು ಮೂರು ದಿನಗಳಿಗೊಮ್ಮೆ ಹೊಲವನ್ನು ಸುತ್ತಿ, ರೋಗದ ಗಿಡ ಕಂಡೊಡನೆ ಕೀಳಬೇಕು. ಬೆಳಗಿನ ತಂಪಿನಲ್ಲಿ ನೊಣವು ಜಡವಾಗಿರುವುದರಿಂದ ಆಗಲೇ ಕಿತ್ತು, ಕೂಡಲೆ ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ಹೊರಗೆ ಒಯ್ದು ಹೂಳತಕ್ಕದ್ದು. ಕಿತ್ತ ಗಿಡವನ್ನು ಬದುವಿನ ಮೇಲೆ ಎಸೆದರೆ ನೊಣವು ಅದನ್ನು ಬಿಟ್ಟು ಪಕ್ಕದ ಹಸುರು ಗಿಡಕ್ಕೆ ಹಾರುವುದು. ಕಾಯಿ ಹಿಡಿದ ಒಂದು ಗಿಡವನ್ನು ಕೀಳಲು ಮನಸ್ಸು ಒಪ್ಪದಿರುವುದು ಸಹಜ. ಆದರೆ ಆ ಒಂದು ಗಿಡದ ಆಸೆಗೆ ನೂರು ಗಿಡ ಹೋಗುವುದುಂಟು.

ಊರು ಒಟ್ಟಾಗಿ ಮಾಡಬೇಕಾದ್ದು

ಮೇಲೆ ಹೇಳಿದ್ದನ್ನೆಲ್ಲಾ ಒಬ್ಬ ರೈತನು ಚಾಚೂ ತಪ್ಪದೆ ಮಾಡಿದರೂ, ಪಕ್ಕದ ಹೊಲದಲ್ಲಿ ಕೊಯ್ಲು ಮುಗಿದ ರೋಗದ ಬೆಂಡೆಯು ಒಂದು ತಿಂಗಳು ಹಾಗೆಯೇ ನಿಂತಿದ್ದರೆ ಅವನ ಶ್ರಮವು ವ್ಯರ್ಥ. ಹಾಗೆ ನಿಂತ ಹತ್ತು ಗುಂಟೆ ಹೊಲವು ಊರಿಗೆಲ್ಲಾ ನಂಜಿನ ಉಗ್ರಾಣ. ಕೊನೆಯ ಕಾಯಿ ಕಿತ್ತ ವಾರದೊಳಗೆ ಹಳೆಯ ಗಿಡಗಳನ್ನು ಬುಡಸಹಿತ ತೆಗೆದು ಹೂಳುವುದೆಂದು ಊರಿನವರೆಲ್ಲರೂ ಕಟ್ಟು ಮಾಡಿಕೊಳ್ಳುವುದು ಅವಶ್ಯ.

ಇದಕ್ಕೂ ಮುಂದಿನ ಹೆಜ್ಜೆಯೆಂದರೆ ಬೆಳೆಯಿಲ್ಲದ ಬಿಡುವು. ನಂಜು ಜೀವಂತ ಗಿಡವಿಲ್ಲದೆ ಉಳಿಯದು. ನೊಣದ ಆಯುಸ್ಸೂ ಕೆಲವು ವಾರಗಳು ಮಾತ್ರ. ಆದುದರಿಂದ ಒಂದು ಸೀಮೆಯವರೆಲ್ಲರೂ ಒಂದೇ ಕಾಲದಲ್ಲಿ ಈ ಬೆಳೆಗಳನ್ನು ತೆಗೆದು ಸ್ವಲ್ಪ ಕಾಲ ಬಿಟ್ಟರೆ ರೋಗದ ಸರಪಣಿಯು ಕಡಿಯುವುದು. ವೆಸ್ಟ್ ಇಂಡೀಸ್ ದ್ವೀಪಸಮೂಹದಲ್ಲಿರುವ ಡೊಮಿನಿಕನ್ ಗಣರಾಜ್ಯದಲ್ಲಿ ಇಂಥದೇ ನಂಜಿನಿಂದ ೧೯೯೦ರ ದಶಕದ ಮೊದಲ ಭಾಗದಲ್ಲಿ ಟೊಮ್ಯಾಟೊ ಬೇಸಾಯವೇ ಕುಸಿದಾಗ, ಅಲ್ಲಿಯ ಸರ್ಕಾರವು ವರ್ಷಕ್ಕೆ ಮೂರು ತಿಂಗಳ ಕಾಲ ಟೊಮ್ಯಾಟೊವನ್ನೂ ಬಿಳಿನೊಣಕ್ಕೆ ಆಶ್ರಯ ಕೊಡುವ ಇತರ ಬೆಳೆಗಳನ್ನೂ ಹಾಕಬಾರದೆಂದು ಕಟ್ಟಳೆ ಮಾಡಿತು. ಇದರೊಂದಿಗೆ ತಕ್ಕ ತಳಿಗಳನ್ನೂ ಬಳಸಿದ್ದರಿಂದ ಬೇಸಾಯವು ಚೇತರಿಸಿಕೊಂಡಿತು.

ನಮ್ಮಲ್ಲಿ ಮೂರು ತಿಂಗಳು ಬಿಡುವುದು ಸಣ್ಣ ರೈತರಿಗೆ ಕಷ್ಟವಾಗಬಹುದು. ಆದರೆ ಪ್ರಕೃತಿಯೇ ಒಂದು ಸಮಯವನ್ನು ಒದಗಿಸಿದೆ. ಬೇಸಿಗೆಯ ಬೆಳೆಯನ್ನು ಮೇ ತಿಂಗಳ ಮಧ್ಯದೊಳಗೆ ತೆಗೆದು, ಮುಂಗಾರು ಹತ್ತಿದ ಮೇಲೆ ಜೂನ್ ಮಧ್ಯದಲ್ಲಿ ಹೊಸದನ್ನು ಬಿತ್ತಿದರೆ ಒಂದು ತಿಂಗಳ ಬಿಡುವು ಸಿಕ್ಕಿದಂತಾಗುವುದು. ಅಷ್ಟರಲ್ಲಿ ಮಳೆಯೂ ನೊಣವನ್ನು ತಗ್ಗಿಸುವುದು. ಹಾಗೆಯೇ ಮಳೆಗಾಲದ ಹಳೆಯ ಗಿಡಗಳನ್ನೂ ಬದುವಿನ ಕಾಂಗ್ರೆಸ್ ಕಳೆಯನ್ನೂ ಬೇಸಿಗೆಯ ಬಿತ್ತನೆಗೆ ಮೊದಲೇ, ಡಿಸೆಂಬರ್ ತಿಂಗಳಲ್ಲಿ, ತೆಗೆದುಬಿಡಬೇಕು.

ಮಾತಿನಿಂದ ನಂಬದವರಿಗೆ ಕಣ್ಣಾರೆ ತೋರಿಸುವುದು ಉತ್ತಮ. ಗ್ರಾಮದ ಹಿರಿಯರೊಬ್ಬರು ತಮ್ಮ ಜಮೀನಿನಲ್ಲಿ ಒಂದೇ ಚೀಲದ ಬೀಜವನ್ನು ಎರಡು ಮಡಿಗಳಲ್ಲಿ ಬಿತ್ತಿ, ಒಂದಕ್ಕೆ ಬಲೆ ಹೊದಿಸಿ, ಇನ್ನೊಂದನ್ನು ಬಯಲಿಗೆ ಬಿಟ್ಟು, ಎರಡೂ ಮಡಿಗಳ ಸಸಿಗಳನ್ನು ಬೇಸಿಗೆಯಲ್ಲಿ ಬೇರೆ ಬೇರೆ ಸಾಲುಗಳಲ್ಲಿ ನಾಟಿ ಮಾಡಿಸಲಿ. ಬೀಜ ಒಂದೇ, ಮಣ್ಣು ಒಂದೇ, ಗೊಬ್ಬರ ಒಂದೇ ಆಗಿರುವಾಗ, ವ್ಯತ್ಯಾಸವು ನೊಣದಿಂದಲೇ ಬಂತೆಂಬುದು ಎಲ್ಲರಿಗೂ ಸ್ಪಷ್ಟವಾಗುವುದು.

ಕೆರೆಯ ಹೂಳು ತೆಗೆಯುವುದು, ಕಾಲುವೆಯ ನೀರನ್ನು ಸರದಿಯಂತೆ ಬಿಡುವುದು ಮುಂತಾದ ಕೆಲಸಗಳನ್ನು ಈ ಸೀಮೆಯವರು ಹಿಂದಿನಿಂದಲೂ ಒಟ್ಟಾಗಿ ಮಾಡಿಕೊಂಡು ಬಂದವರು. ಹಳೆಯ ಬೆಳೆಯನ್ನು ಕಾಲಕ್ಕೆ ಸರಿಯಾಗಿ ಕೀಳುವುದನ್ನೂ ಅದೇ ಸಾಲಿಗೆ ಸೇರಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ, ಬೇಸಿಗೆಯ ಬೆಳೆಯನ್ನು ಕೀಳುವ ದಿನವನ್ನು ಗೊತ್ತುಮಾಡಿ, ಮೊದಲು ತಮ್ಮ ಹೊಲದಲ್ಲಿಯೇ ಅದನ್ನು ನಡೆಸಿಕೊಟ್ಟು ಉಳಿದವರಿಗೆ ಮೇಲ್ಪಂಕ್ತಿಯಾಗಬೇಕೆಂದು ಗ್ರಾಮಮುಖ್ಯರಲ್ಲಿಯೂ ಜಮೀನುದಾರರಲ್ಲಿಯೂ ಕೋರಲಾಗಿದೆ.